ದೊಡ್ಡಪೇಟೆಯ ಇಕ್ಕಟ್ಟು

ಹಿಂದೆ ದೊಡ್ಡಪೇಟೆ ಎನಿಸಿದ್ದ ಬೆಂಗಳೂರಿನ ಅವೆನ್ಯೂ ರಸ್ತೆಯ ಕಾಲ ಮುಗಿಯಿತು ಎನ್ನುವವರು ಮೊದಲು ತೋರಿಸುವುದು ಹಳೆಯ ಪುಸ್ತಕದಂಗಡಿಗಳನ್ನು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ತೊಂಬತ್ತರ ದಶಕದಲ್ಲಿ ಜೂನ್ ಬಂತೆಂದರೆ ಇಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಫುಟ್‌ಪಾತಿನ ಮೇಲೆ ಎದೆಮಟ್ಟ ಪೇರಿಸಿದ ಪಠ್ಯಪುಸ್ತಕ, ಗೈಡು. ಮೊದಲ ಪುಟದಲ್ಲಿ ಹಿಂದೆ ಓದಿದ ಹುಡುಗನ ಹೆಸರು, ಸೆಕ್ಷನ್ನು. ಅದರ ಪಕ್ಕದಲ್ಲೇ ಅಂಗಡಿಯವರು ಪೆನ್ಸಿಲಿನಲ್ಲಿ ಗೀಚಿದ ಬೆಲೆ. ಪರೀಕ್ಷೆ ಮುಗಿದ ಮೇಲೆ ಅದೇ ಪುಸ್ತಕ ಇನ್ನೂ ಕಡಿಮೆಗೆ ಅದೇ ಅಂಗಡಿಗೆ ವಾಪಸು. ಮೊಬೈಲಿನಲ್ಲಿ ಪಿಡಿಎಫ್ ಓಡಾಡತೊಡಗಿದ ಮೇಲೆ ಆ ಗುಡ್ಡೆಗಳು ಕರಗಿದವು. ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕಗಳ ಪಾಡೂ ಅಷ್ಟೆ. ಲೆಕ್ಕ ಕಂಪ್ಯೂಟರಿಗೆ ಹೋಯಿತು, 2017ರಲ್ಲಿ ಜಿಎಸ್‌ಟಿ ಬಂದು ಉಳಿದದ್ದನ್ನೂ ಅಲ್ಲಿಗೇ ತಳ್ಳಿತು. ಈಗ ಎಷ್ಟೋ ವರ್ತಕರು ದೀಪಾವಳಿಯ ಪೂಜೆಗೆ ಇಡಲೆಂದೇ ಒಂದು ಪುಸ್ತಕ ಕೊಳ್ಳುತ್ತಾರೆ. ಆದರೆ ಆ ಮಳಿಗೆಗಳಿಗೇನೂ ಬೀಗ ಬೀಳಲಿಲ್ಲ. ಲಗ್ನಪತ್ರಿಕೆ, ಗಿಫ್ಟ್ ಸಾಮಾನು, ಕವರಿಂಗ್ ಒಡವೆ ಬಂದು ಕೂತವು.

ಹೀಗೆ ವ್ಯಾಪಾರ ಬದಲಾಗುವುದು ಈ ಪೇಟೆಗೆ ಹೊಸದೂ ಅಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆನ್ನುವ ಊರಿನಲ್ಲಿ ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಜಾಗವೇ ನಡುಮಧ್ಯ. ಸುತ್ತ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ. ಗಾಣಿಗರಪೇಟೆಯಲ್ಲಿ ಗಾಣ ತಿರುಗುವುದು ಎಂದೋ ನಿಂತಿತು, ಬಳೇಪೇಟೆಗೆ ಜನ ತಬಲಾ, ವೀಣೆ ಹುಡುಕಿಕೊಂಡು ಹೋಗುತ್ತಾರೆ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಇದೇ ಪೇಟೆಯನ್ನು ಹಿಡಿಯಿತು. 1898ರ ಪ್ಲೇಗು ಇನ್ನೂ ಆಳವಾಗಿ ತಟ್ಟಿತು. ಅದಾದ ಮೇಲೆ ಅನುಕೂಲಸ್ಥರು ಬಸವನಗುಡಿ, ಮಲ್ಲೇಶ್ವರಗಳ ಕಡೆ ನಡೆದರು, ಪೇಟೆಯಲ್ಲಿ ಸಂಸಾರಕ್ಕಿಂತ ಸರಕು ಹೆಚ್ಚಾಯಿತು. 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು, 1920ರ ದಶಕದಲ್ಲಿ ದಕ್ಷಿಣದ ತುದಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ ಬಂತು. ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಸೇರಿಹೋದರೂ ಉತ್ತರದ ತುದಿ ಇವತ್ತಿಗೂ ಮೈಸೂರ್ ಬ್ಯಾಂಕ್ ಸರ್ಕಲ್ಲೇ.

ಇಷ್ಟೆಲ್ಲ ತಡೆದುಕೊಂಡ ಬೀದಿಯ ಗುಟ್ಟು ಅದರ ಇಕ್ಕಟ್ಟಿನಲ್ಲಿದೆ ಎಂಬುದು ನನ್ನ ವಾದ. ಇಲ್ಲಿನ ನಿವೇಶನಗಳು ಬೀದಿಗೆ ಮೂರು ಮೊಳ ಮುಖ ಕೊಟ್ಟು ಹಿಂದಕ್ಕೆ ಉದ್ದವಾಗಿ ಚಾಚಿದವು. ಮುಂದೆ ಗಲ್ಲಾ, ಹಿಂದೆ ಗೋದಾಮು, ಮೇಲೆ ಮತ್ತೊಬ್ಬರ ಅಂಗಡಿ. ಒಂದು ವ್ಯಾಪಾರ ಸೋತರೆ ಒಂದು ಬಾಗಿಲು ಮಾತ್ರ ಕೈ ಬದಲಾಗುತ್ತದೆ, ಅಕ್ಕಪಕ್ಕದವರ ಗಿರಾಕಿ ತಪ್ಪುವುದಿಲ್ಲ. ಅದೇ ಸರ್ಕಲ್ಲಿನಿಂದ ಪಡುವಣಕ್ಕೆ ಹೊರಡುವ ಕೆಂಪೇಗೌಡ ರಸ್ತೆಯನ್ನು ನೋಡಿ. ಅದು ಅಗಲವಾದ ರಸ್ತೆ, ನಿವೇಶನಗಳೂ ದೊಡ್ಡವು. ಸಾಗರ್, ಅಲಂಕಾರ್, ಹಿಮಾಲಯ, ಕೆಂಪೇಗೌಡ ಎಂದು ಸಾಲುಗಟ್ಟಿದ್ದ ಚಿತ್ರಮಂದಿರಗಳು ಒಂದೊಂದಾಗಿ ನೆಲಸಮವಾದವು. ಒಂದು ಥಿಯೇಟರ್ ಹೋದರೆ ಅದರ ಜೊತೆಗೆ ಎದುರಿನ ಹೋಟೆಲಿನ ಸೆಕೆಂಡ್ ಶೋ ವ್ಯಾಪಾರವೂ ಹೋಯಿತು. ವಯಸ್ಸಿನಲ್ಲಿ ಎಷ್ಟೋ ಕಿರಿಯದಾದ ಆ ರಸ್ತೆ ತನ್ನ ಚಹರೆಯನ್ನು ದೊಡ್ಡಪೇಟೆಗಿಂತ ಬೇಗ ಕಳೆದುಕೊಂಡಿತು.

ಬೆಂಕಿ ಬಿದ್ದರೆ ಏನು ಗತಿ ಎಂಬ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಕಾಗದ, ಬಟ್ಟೆ ತುಂಬಿದ ಗೋದಾಮುಗಳು, ತಲೆಯ ಮೇಲೆ ಜೋತುಬಿದ್ದ ವೈರುಗಳು; ಅಗ್ನಿಶಾಮಕ ಗಾಡಿ ಒಳಗೆ ಬರುವುದು ಕಷ್ಟವೇ. ಆದರೆ ಅದಕ್ಕೆ ಅಡ್ಡ ನಿಲ್ಲುವುದು ನೂರು ವರ್ಷದ ಗೋಡೆಗಳಿಗಿಂತ ಹೆಚ್ಚಾಗಿ ಅಂಗಡಿ ಮುಂದೆ ನಿಲ್ಲಿಸಿದ ಸ್ಕೂಟರುಗಳು, ಹಾಡುಹಗಲೇ ಲೋಡು ಇಳಿಸುವ ಟೆಂಪೋಗಳು. ಸ್ಕೂಟರು ತೆಗೆಸಲು, ಲೋಡು ಇಳಿಸುವುದನ್ನು ರಾತ್ರಿಗೆ ಹೊರಳಿಸಲು ಗೋಡೆ ಒಡೆಯಬೇಕಿಲ್ಲ. ಅದರ ಬದಲು ರಸ್ತೆ ಅಗಲೀಕರಣದ ಗೆರೆ ಎಳೆದರೆ ಮುಂದಿನ ಗಲ್ಲಾ ಪೂರ್ತಿ ಹೋಗುತ್ತದೆ. ಉಳಿದ ತುಂಡುಗಳನ್ನು ಒಟ್ಟುಗೂಡಿಸಿ ಕಾಂಪ್ಲೆಕ್ಸ್ ಕಟ್ಟುವವರ ಬಾಡಿಗೆಯನ್ನು ಲಗ್ನಪತ್ರಿಕೆ ಮಾರಿ ಕಟ್ಟಲಾಗದು. ಈ ಇಕ್ಕಟ್ಟಿನಲ್ಲಿ ದುಡಿಯುವ ಹಮಾಲರ ಕಷ್ಟದ ಮಾತು ಬೆಂಕಿಯ ಮಾತಿಗಿಂತ ಗಟ್ಟಿಯಾದದ್ದು. ಆ ಮೂಟೆ ಹೊರುವ ಬೆನ್ನುಗಳನ್ನು ಪರಂಪರೆಯ ಲೆಕ್ಕಕ್ಕೆ ಸೇರಿಸಿ ಹೊಗಳುವುದು ಸೋಗಲಾಡಿತನ. ಕೈಗಾಡಿ ಸಲೀಸಾಗಿ ಉರುಳುವಂಥ ನೆಲ, ಮೂಟೆಯ ತೂಕಕ್ಕೊಂದು ಮಿತಿ, ಕೂರಲು ನೆರಳು ಅವರಿಗೆ ಸಲ್ಲಬೇಕು. 2017ರಲ್ಲಿ ಚಿಕ್ಕಪೇಟೆಗೆ ನೆಲದಡಿಯ ಮೆಟ್ರೊ ಬಂದಾಗಿನಿಂದ ಗಿರಾಕಿಗಳಿಗೆ ಕಾರು ತರುವ ಅಗತ್ಯವೂ ಉಳಿದಿಲ್ಲ. ಮೇಲಿರುವ ಜಾಗವನ್ನು ಕೈಗಾಡಿಗೂ ನಡೆಯುವವರಿಗೂ ಬಿಟ್ಟುಕೊಡಬಹುದು.