ಮುಂದೆಂತಾತು?

ನಮ್ಮ ಮನೆಯ ಮೆತ್ತಿನ ಮೇಲೆ, ಚಾಲಿ ಅಡಿಕೆಯ ಮೂಟೆಗಳಿಗೂ ಅಪ್ಪೆಮಿಡಿಯ ಭರಣಿಗಳಿಗೂ ನಡುವೆ, ಹಸಿರು ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದುಹೋದ ತಗಡಿನ ಟ್ರಂಕೊಂದಿತ್ತು. ಅದರ ಬೀಗದ ಕೈ ಅತ್ತೆಯ ಸೊಂಟದಲ್ಲಿರುತ್ತಿತ್ತು. ಆರಿದ್ರಾ ಮಳೆ ಹಿಡಿದು, ಶಾಲೆಗೆ ಹೋಗುವ ಸಂಕದ ಮೇಲೆ ನೀರು ಹತ್ತಿ, ಇನ್ನು ನಾಲ್ಕು ದಿನ ಯಾರೂ ಹೊಳೆ ದಾಟುವುದಿಲ್ಲ ಎಂದು ಖಾತ್ರಿಯಾದ ದಿನ ಆಕೆ ಸೆರಗು ಸಿಕ್ಕಿಸಿ ಏಣಿ ಹತ್ತುವಳು. ದೊಡ್ಡಪ್ಪನ ನಾಲ್ವರು, ನಾವು ಮೂವರು, ಚಿಕ್ಕಪ್ಪನ ಇಬ್ಬರು, ಓದಿಗೆಂದು ಬಂದು ನಮ್ಮಲ್ಲೇ ಉಳಿದ ನೆಂಟರ ಮಕ್ಕಳಿಬ್ಬರು, ಒಟ್ಟು ಹನ್ನೊಂದು ಜನ ಮೆಟ್ಟಿಲಿಗೊಬ್ಬರಂತೆ ಅವಳ ಹಿಂದೆ ಸಾಲುಗಟ್ಟುತ್ತಿದ್ದೆವು. ಮುಚ್ಚಳ ಎತ್ತಿದ ಕೂಡಲೇ ನುಸಿಗುಳಿಗೆಯ ವಾಸನೆ, ಅದರ ಹಿಂದೆಯೇ ಹಳೇ ಕಾಗದದ್ದು, ಅದಕ್ಕೂ ಅಡಿಯಿಂದ ಹೋದ ಮಳೆಗಾಲದ ಬೂಸ್ಲಿನದು.

ನಮ್ಮ ಕೈಗೇ ತೆಗೆದುಕೊಳ್ಳುವ ಹಾಗಿರಲಿಲ್ಲ. ಅತ್ತೆ ಒಬ್ಬೊಬ್ಬರ ಮುಖ ನೋಡಿ ಒಂದೊಂದು ಪುಸ್ತಕ ಎತ್ತಿ ಕೊಡುತ್ತಿದ್ದಳು. ಬೇರೆಯದಕ್ಕೆ ಕೈಚಾಚಿದರೆ, "ಅದು ನಿಂಗೆ ಈ ಮಳೆಗಾಲಕ್ಕಲ್ಲ, ಬಪ್ಪ ಮಳೆಗಾಲಕ್ಕೆ" ಎನ್ನುವಳು. ಆ ಬಪ್ಪ ಮಳೆಗಾಲಕ್ಕಾಗಿ ಒಂದು ವರ್ಷ ಪೂರ್ತಿ ಕಾದದ್ದಿದೆ.

ಅವಳ ಲೆಕ್ಕ ವಯಸ್ಸಿನದಲ್ಲ, ಬುದ್ಧಿಯದೂ ಅಲ್ಲ. ದೊಡ್ಡಪ್ಪನ ಎರಡನೇ ಮಾಣಿ ನಿಂತಲ್ಲಿ ನಿಲ್ಲುವವನಲ್ಲ, ಉಣ್ಣುವಾಗಲೂ ಕಾಲು ಕುಣಿಸುವವ. ಅವನಿಗೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಅವನು ಅದನ್ನು ಕುಳಿತು ಓದಲೇ ಇಲ್ಲ. ಜಗಲಿಯ ಈ ತುದಿಯಿಂದ ಆ ತುದಿಗೆ ದಾಪುಗಾಲು ಹಾಕುತ್ತ ಕೂಗಿದ, ವಾರದೊಳಗೆ ಮನೆಮಂದಿಗೆಲ್ಲ ಬಾಯಿಪಾಠವಾಯಿತು. ಕತ್ತಲಾದರೆ ಬಚ್ಚಲಿಗೂ ಒಬ್ಬಳೇ ಹೋಗದ ಚಿಕ್ಕಪ್ಪನ ಕೂಸಿಗೆ 'ಚಂದಮಾಮ'ದ ವಿಕ್ರಮ-ಬೇತಾಳವನ್ನೇ ಕೊಟ್ಟಳಲ್ಲ, ನಮಗೆಲ್ಲ ಆಶ್ಚರ್ಯ! ಆದರೆ ಹಗಲು ಹೊತ್ತು, ಅಡುಗೆಮನೆಯಲ್ಲಿ, ತನ್ನ ಪಕ್ಕದಲ್ಲೇ ಕುಳಿತು ಓದಬೇಕು. ಶಂಕರ್ ಬರೆದ ಆ ಚಿತ್ರ, ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ; ಮೊದಲ ದಿನ ಕೂಸು ಆ ಪುಟದ ಮೇಲೆ ಬಾಳೆಲೆಯ ತುಂಡು ಮುಚ್ಚಿಕೊಂಡು ಅಕ್ಷರ ಮಾತ್ರ ಓದಿದಳು. ಮಳೆಗಾಲ ಮುಗಿಯುವುದರೊಳಗೆ ಬೇತಾಳ ಅವಳಿಗೆ ನೆಂಟನಾಗಿದ್ದ. ಕನ್ನಡ 'ಚಂದಮಾಮ' ಶುರುವಾದದ್ದು 1949ರಲ್ಲಿ. ನಮ್ಮ ಟ್ರಂಕಿನಲ್ಲಿದ್ದ ಹಳೆಯ ಸಂಚಿಕೆಗಳು ಅಪ್ಪನ ಶಾಲೆಯ ದಿನದವು, ರಟ್ಟು ಹೋಗಿ, ಗೋಣಿದಾರದಲ್ಲಿ ಹೊಲಿಸಿಕೊಂಡವು.

ಇನ್ನು 'ಭಾರತ ಭಾರತಿ'ಯ ಪುಟಾಣಿ ಪುಸ್ತಕಗಳು. ಎಲ್.ಎಸ್. ಶೇಷಗಿರಿ ರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನದವರು ಹೊರತಂದ ಆ ಸಾಲಿನಲ್ಲಿ 500ಕ್ಕೂ ಹೆಚ್ಚು ಇವೆಯಂತೆ, ನಮ್ಮಲ್ಲಿದ್ದದ್ದು ಮೂವತ್ತೋ ನಲವತ್ತೋ. ಚಡ್ಡಿ ಜೇಬಿನಲ್ಲಿ ಹಿಡಿಸುತ್ತಿದ್ದುದರಿಂದ ಅವು ಬೇಸಿಗೆಯವು. ಅಂಗಳದಲ್ಲಿ ಹಲಸಿನಕಾಯಿ ಹಪ್ಪಳ ಹರಗಿ, ಕಾಗೆ ಕಾಯಲು ಒಬ್ಬರನ್ನು ಕೂರಿಸಿದರೆ, ಹಪ್ಪಳದ ಒಂದು ಮಗ್ಗುಲು ಒಣಗುವಷ್ಟರಲ್ಲಿ ಒಬ್ಬ ಮಹಾಪುರುಷರ ಜನನದಿಂದ ಮರಣದವರೆಗೆ ಮುಗಿಯುತ್ತಿತ್ತು. ಮರಣದ ಹೊತ್ತಿಗೆ ಸರಿಯಾಗಿ ಕಾಗೆ ಬರುತ್ತಿತ್ತು, ಬೈಗುಳ ನಮಗೆ ಬೀಳುತ್ತಿತ್ತು.

ರೇಡಿಯೋ ಬಿಚ್ಚಿ ಮತ್ತೆ ಜೋಡಿಸಲಾರದೆ ಪೆಟ್ಟು ತಿಂದ ನೆಂಟರ ಮಾಣಿಗೆ ಟ್ರಂಕಿನಲ್ಲಿ ಏನೂ ಇರಲಿಲ್ಲ. ಅವನಿಗಾಗಿ ಅತ್ತೆ ಮೇಷ್ಟರ ಮನೆಗೆ ಒಂದು ಗಿಂಡಿ ತುಪ್ಪ ಕಳಿಸಿ, ನಿರಂಜನರು ಸಂಪಾದಿಸಿದ 'ಜ್ಞಾನಗಂಗೋತ್ರಿ'ಯ 7 ಸಂಪುಟಗಳಲ್ಲಿ ಒಂದನ್ನು ಎರವಲು ತರಿಸಿದಳು. ಆ ಪುಸ್ತಕ ಬಂದ ದಿನ ಹೆಡಿಗೆಯಲ್ಲಿ ಕಂಬಳಿ ಸುತ್ತಿಕೊಂಡು ಬಂದಿತ್ತು, ಬಾಣಂತಿ ಮನೆಯ ಮಗುವಿನ ಹಾಗೆ. ಅದನ್ನು ಮುಟ್ಟುವ ಮೊದಲು ಸೀಗೆಪುಡಿ ಹಾಕಿ ಕೈ ತೊಳೆಯಬೇಕಿತ್ತು.

ಕೈ ತೊಳೆಯುವುದೆಂದರೆ ಸಾಮಾನ್ಯವೇ? ಸುಗ್ಗಿ ಬಂತೆಂದರೆ ಹಸಿ ಅಡಿಕೆ ಸುಲಿದು ಸುಲಿದು ನಮ್ಮ ಬೆರಳೆಲ್ಲ ಕಪ್ಪು, ಬೇಯಿಸುವ ಹಂಡೆಯ ಹತ್ತಿರ ಸುಳಿದವರದು ಚೊಗರಿನ ಕೆಂಪು. ಆ ಕರೆ ಚರ್ಮದ ಜೊತೆಗೇ ಹೋಗಬೇಕೇ ಹೊರತು ಸೀಗೆಗೆ ಹೋಗುವುದಲ್ಲ. ರಾತ್ರಿ ಊಟವಾದ ಮೇಲೆ ಗ್ಯಾಸ್‌ಲೈಟು ಹೊತ್ತಿಸಿ, ಕೇರಿಯ ಹೆಂಗಸರೆಲ್ಲ ಮೆಟ್ಟುಗತ್ತಿ ಹಿಡಿದು ಸಾಲಾಗಿ ಕೂತು, ಕರಕ್ ಕರಕ್ ಎಂದು ಸುಲಿಯುವಾಗ, ನಿದ್ದೆ ಬಾರದ ಹಾಗೆ ಓದಿ ಹೇಳುವ ಕೆಲಸ ನಮ್ಮದು. ಅವರಿಗೆ ಮಕ್ಕಳ ಕಥೆ ಬೇಡ. ತ್ರಿವೇಣಿಯವರ 'ಬೆಕ್ಕಿನ ಕಣ್ಣು' ಬೇಕು. ಓದುವ ಮಾಣಿಗೆ ಹನ್ನೊಂದು ವರ್ಷ. ಎಲ್ಲೋ ಒಂದು ಕಡೆ ಅತ್ತೆ ತಲೆ ಎತ್ತದೆಯೇ, "ಆ ಪುಟ ಹಾರ್ಸು" ಎನ್ನುವಳು, ಹೆಂಗಸರು ಕಿಸಕ್ಕನೆ ನಗುವರು. ಮರುದಿನ ಕೊಟ್ಟಿಗೆಯ ಹಿಂದೆ ಹನ್ನೊಂದೂ ಜನ ಸೇರಿ ಆ ಪುಟವನ್ನೇ ಓದುತ್ತಿದ್ದೆವು. ಓದಿದರೆ ಅದರಲ್ಲಿ ಏನೂ ಇರುತ್ತಿರಲಿಲ್ಲ.

ಎಲ್ಲರಿಗೂ ಸಲ್ಲುತ್ತಿದ್ದದ್ದು ಮಾತ್ರ ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ'. ತಿಂಗಳಿಗೊಂದರಂತೆ 12 ಸಂಪುಟ, ವರ್ಷದ ದಿನಗಳಷ್ಟೇ ಕಥೆಗಳು. ಸಂಜೆ ಬಚ್ಚಲೊಲೆಯ ಮುಂದೆ, ಕೆಂಡದಲ್ಲಿ ಹಲಸಿನ ಬೇಳೆ ಹುಗಿದು, ಅದು ಟಪ್ಪೆಂದು ಸಿಡಿಯುವುದರೊಳಗೆ ಆ ದಿನದ್ದು ಮುಗಿಸಬೇಕು. ನಾಳೆಯದನ್ನು ಇವತ್ತೇ ಓದಿದರೆ ಕಳ್ಳತನ ಮಾಡಿದ ಹಾಗೆ. ಡಾಕ್ಟರಾಗಿದ್ದ ಅದೇ ಲೇಖಕಿಯ 'ವಧುವಿಗೆ ಕಿವಿಮಾತು' ಟ್ರಂಕಿನ ತಳದಲ್ಲಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಮಲಗಿತ್ತು. ದೊಡ್ಡಕ್ಕನ ಮದುವೆಯ ಹಿಂದಿನ ರಾತ್ರಿಯವರೆಗೂ ಅದರ ಸರದಿ ಬರಲಿಲ್ಲ.

ಅತ್ತೆ ಇವನ್ನೆಲ್ಲ ಓದಿದ್ದಾಳೆಂದೇ ನಾವು ನಂಬಿದ್ದೆವು. ಮೂರನೇ ಇಯತ್ತೆಗೆ ಶಾಲೆ ಬಿಟ್ಟು, ಹದಿಹರೆಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಬೆಳಗಿನ ನಾಲ್ಕರಿಂದ ರಾತ್ರಿಯ ಹನ್ನೊಂದರವರೆಗೆ ಯಾವಾಗ ಓದಿಯಾಳು ಎಂಬ ಪ್ರಶ್ನೆ ಹನ್ನೊಂದರಲ್ಲಿ ಒಬ್ಬರ ತಲೆಗೂ ಬಂದಿರಲಿಲ್ಲ. ಪುಸ್ತಕ ಹಿಂತಿರುಗಿಸುವಾಗ ತೆರಿಗೆಯೊಂದಿತ್ತು. ಅವಳು ಮಜ್ಜಿಗೆ ಕಡೆಯುತ್ತಲೋ ಒರಳಲ್ಲಿ ದೋಸೆಗೆ ಬೀಸುತ್ತಲೋ ಇರುವಾಗ ಎದುರಿಗೆ ಕೂತು ಇಡೀ ಕಥೆ ಹೇಳಬೇಕು. ನಾವು ಒಂದು ಕ್ಷಣ ಸುಮ್ಮನಾದರೆ ಕಡಗೋಲೂ ನಿಲ್ಲುತ್ತಿತ್ತು. "ಮುಂದೆಂತಾತು, ಯಂಗೂ ಹೇಳು."

ಒಮ್ಮೆ ನಾನು ಓದಿದ ಕಥೆಯೊಂದರಲ್ಲಿ ನಾಯಿ ಸತ್ತುಹೋಯಿತು. ಹೇಳಲು ಗಂಟಲು ಕಟ್ಟಿ, ಅತ್ತೆಗೆ ಹೇಳುವಾಗ ಅದನ್ನು ಬದುಕಿಸಿಬಿಟ್ಟೆ. ಹೊಳೆ ಈಜಿ ಮನೆಗೆ ಬಂತು ಎಂದೆ. ಅವಳು ಸಮಾಧಾನದ ಉಸಿರು ಬಿಟ್ಟಳು. ಹದಿನೈದು ದಿನದ ಮೇಲೆ, ನಮ್ಮ ಕರಿಯ ನಾಯಿ ತೀರಿಕೊಂಡು ಊಟ ಬಿಟ್ಟಿದ್ದ ಚಿಕ್ಕವನಿಗೆ ಹುಡುಕಿ ಅದೇ ಪುಸ್ತಕ ಕೊಟ್ಟಳು: "ಇದ್ರಲ್ಲಿ ನಾಯಿ ಸಾಯ್ತಿಲ್ಲೆ, ಹೆದ್ರಡ, ಓದು." ಸಂಜೆ ಅವನು ಅತ್ತುಕೊಂಡು ಬಂದ. ಅತ್ತೆ ನನ್ನನ್ನು ನೋಡಿದಳು, ಬೈಯಲಿಲ್ಲ. ನಮ್ಮ ಬಾಯಿಂದ ಬಂದದ್ದಷ್ಟೇ ಅವಳಿಗೆ ಗೊತ್ತಿತ್ತೆಂದು ತಿಳಿದದ್ದು ಆ ಸಂಜೆ.

ಮೊನ್ನೆ ಬೆಂಗಳೂರಿನಿಂದ ತಂಗಿಯ ಮಗಳು ಫೋನು ಮಾಡಿದ್ದಳು. ನಾಲ್ಕು ವರ್ಷದ್ದೊಂದು, ಎಂಟರದ್ದೊಂದು, ಹನ್ನೆರಡರದ್ದೊಂದು, ಮೂರಕ್ಕೂ ಕನ್ನಡ ಪುಸ್ತಕದ ಪಟ್ಟಿ ಕೊಡು ದೊಡ್ಡಮ್ಮ ಎಂದು. ರಾಜರತ್ನಂ ಶಿಶುಗೀತೆ, ವೈದೇಹಿಯವರ 'ಧಾಂ ಧೂಂ ಸುಂಟರಗಾಳಿ', ಬೊಳುವಾರರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ' ಎಂದು ಹೇಳುತ್ತ ಹೋದೆ. ದೊಡ್ಡದಕ್ಕೆ ತೇಜಸ್ವಿಯವರ 'ಪರಿಸರದ ಕತೆ' ಕೊಡು, ಮಕ್ಕಳದೆಂದು ಬರೆದಿಲ್ಲದಿದ್ದರೂ ಕೊಡು ಎಂದೆ. ಅವಳು ಬರೆದುಕೊಂಡಳು. ಆಮೇಲೆ, ಮಕ್ಕಳು ಹೇಗಿದ್ದಾರೆ, ಯಾವುದು ಹೆದರುತ್ತದೆ, ಯಾವುದು ಕಾಲು ಕುಣಿಸುತ್ತದೆ ಎಂದು ಕೇಳುವಷ್ಟರಲ್ಲಿ ಅವಳಿಗೆ ಮೀಟಿಂಗಿತ್ತು.

ಟ್ರಂಕು ಈಗ ನನ್ನ ಮಂಚದ ಅಡಿಯಲ್ಲಿದೆ. 'ದಿನಕ್ಕೊಂದು ಕಥೆ'ಯ ಸಂಪುಟಗಳು ಅದರಲ್ಲಿ ಹನ್ನೊಂದೇ ಇವೆ, ಏಳನೆಯದಿಲ್ಲ. ಯಾರೋ ಒಯ್ದವರು ಮರಳಿಸಲಿಲ್ಲ. ಸಾಗರ, ಹೆಗ್ಗೋಡಿನ ಕಡೆಯ ಯಾರ ಮನೆಯ ಮೆತ್ತಿನ ಮೇಲಾದರೂ ಆ ಸಂಪುಟ ಸಿಕ್ಕಿ, ಪುಟದ ಮೂಲೆಗಳಲ್ಲಿ ಚೊಗರಿನ ಹೆಬ್ಬೆಟ್ಟುಗಳಿದ್ದರೆ, ಅದು ನಮ್ಮದು. ನಿಮ್ಮಲ್ಲಿ ಓದುವ ಮಕ್ಕಳಿದ್ದರೆ ಅಲ್ಲೇ ಇರಲಿ, ಇಲ್ಲದಿದ್ದರೆ ದಯವಿಟ್ಟು ಕಳಿಸಿಕೊಡಿ.