ನೀರು ಬಂದ ಮ್ಯಾಲ

ಸಾಣಾಪುರದ ಕಡೆ ಕೈಗಡಕ್ಕೆ ತಾರೀಖು ಹಾಕುವ ರೂಢಿಯಿಲ್ಲ. "ನೀರು ಬಂದ ಮ್ಯಾಲ ಕೊಡ್ತೀನಿ", "ಸುಗ್ಗಿ ಆಗ್ಲಿ", "ನೆಲ್ಲು ತೂಗಿದ ಮ್ಯಾಲ ನೋಡೂಣು" — ವಾಯಿದೆಗಳೆಂದರೆ ಇವೇ. ನೀರು ಎಂದರೆ ಇಲ್ಲಿ ಮಳೆಯಲ್ಲ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಅದನ್ನು ಎಂದು ಬಿಡಬೇಕು, ಎಂದು ನಿಲ್ಲಿಸಬೇಕು ಎನ್ನುವುದನ್ನು ನೀರಾವರಿ ಸಲಹಾ ಸಮಿತಿ ಕೂತು ಗೊತ್ತುಮಾಡುತ್ತದೆ. ಹಾಗಾಗಿ ಹೆಂಡತಿಗೂ ಹೇಳದೆ ಇಬ್ಬರು ಮಾಡಿಕೊಂಡ ವಾಯಿದೆ ನಮ್ಮಲ್ಲಿ ಮಂತ್ರಿಗಳ ಸಭೆಯಲ್ಲಿ ತೀರ್ಮಾನವಾಗಿ ಮರುದಿನ ಪೇಪರಿನಲ್ಲಿ ಅಚ್ಚಾಗುತ್ತದೆ.

ನಾನು ಕೊಟ್ಟದ್ದು 2022ರ ಜೂನ್‌ನಲ್ಲಿ, ಒಂದು ಲಕ್ಷ. ಇಸಗೊಂಡವನು ನನ್ನನ್ನು ಮಾವ ಎನ್ನುತ್ತಾನೆ. ರಕ್ತಸಂಬಂಧವಿಲ್ಲ, ಜಾತಿಯೂ ಬೇರೆ. ಅವನ ತಾಯಿ ನನ್ನನ್ನು ತಮ್ಮಾ ಎಂದು ಕರೆಯುತ್ತಿದ್ದಳು, ಆ ಲೆಕ್ಕದಲ್ಲಿ ಮಾವ. ನೌಕರಿಯ ದೆಸೆಯಿಂದ ನಾನು ಗಂಗಾವತಿ ಸೇರಿದೆ, ಅವನು ಊರಲ್ಲೇ ಉಳಿದ. ಸ್ವಲ್ಪ ಗದ್ದೆ, ಮನೆ ಹಿಂದೆ ಬಂಡೆಗಳ ನಡುವೆ ಒಂದಿಷ್ಟು ಖಾಲಿ ಜಾಗ. ಆ ಖಾಲಿ ಜಾಗಕ್ಕೆ ಬೆಲೆ ಬಂದದ್ದು 2020ರ ನಂತರ. ಆ ವರ್ಷ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಮಾರ್ಚ್‌ನಲ್ಲಿ ವಿರೂಪಾಪುರ ಗಡ್ಡಿಯ ರೆಸಾರ್ಟುಗಳನ್ನು ಜೆಸಿಬಿಗಳು ಕೆಡವಿದವು. ಹಂಪಿಯಿಂದ ಹೊಳೆ ದಾಟಿ ಬರುತ್ತಿದ್ದ ಬೆನ್ನುಚೀಲದ ಜನಕ್ಕೆ ಆಮೇಲೆ ಸಾಣಾಪುರ, ಹನುಮನಹಳ್ಳಿ, ಆನೆಗುಂದಿಗಳೇ ಗತಿ. ನಡುವೆ ಕೊರೋನಾ ಬಂದು ಹೋಯಿತು. 2022ರ ಹೊತ್ತಿಗೆ ಊರಲ್ಲಿ ಜಾಗ ಇದ್ದವರೆಲ್ಲ ರೂಮು ಕಟ್ಟುತ್ತಿದ್ದರು, ಹರಿಗೋಲು ಇದ್ದವರೆಲ್ಲ ಕೆರೆಗೆ ಇಳಿಸಿದ್ದರು.

"ಮಾವ, ಎರಡು ರೂಮು. ಸುಗ್ಗಿಗೆ ತಿರುಗಿ ಕೊಡ್ತೀನಿ" ಎಂದ. ಬಡ್ಡಿಯ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ನಗದು ಕೇಳಿದ್ದ, ನಾನು ಬ್ಯಾಂಕಿನಿಂದ ಹಾಕಿದೆ. ಇಪ್ಪತ್ತು ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ ಒಪ್ಪುವುದಿಲ್ಲ. ಕೊಡುವವನೂ ಪಡೆಯುವವನೂ ಬರೀ ಒಕ್ಕಲುತನದ ಆದಾಯದವರಾಗಿದ್ದರೆ ವಿನಾಯಿತಿ ಉಂಟು, ನಾನು ಸಂಬಳದವ.

ಆಮೇಲಿನ ಮೂರು ವರ್ಷದಲ್ಲಿ ಅವನು ಹೇಳಿದ ನೆಪಗಳಲ್ಲಿ ಒಂದೂ ಸುಳ್ಳಲ್ಲ ಎನ್ನುವುದೇ ನನ್ನ ಪೇಚು. 2023ರಲ್ಲಿ ಬರ ಬಿತ್ತು, ಡ್ಯಾಮು ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಸಿಗಲಿಲ್ಲ. 2024ರಲ್ಲಿ ಡ್ಯಾಮು ತುಂಬಿ, ನಾಟಿಯೂ ನಡೆದಿತ್ತು. ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಹೊಳೆಪಾಲಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಬಂದು ಆ ಜಾಗಕ್ಕೆ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸುವವರೆಗೆ ಈ ಸೀಮೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಅಂಥ ವಾರದಲ್ಲಿ ಯಾವ ಬಾಯಲ್ಲಿ ಬಾಕಿ ಕೇಳುವುದು? ಪುಣ್ಯಕ್ಕೆ ಮತ್ತೆ ಮಳೆ ಬಂದು ಡ್ಯಾಮು ತುಂಬಿತು, ಬೆಳೆಯೂ ಬಂತು. "ರೇಟಿಲ್ಲ ಮಾವ" ಎಂದ. ರೂಮಿನ ಬಾಡಿಗೆಯಿಂದಾದರೂ ಅಷ್ಟಿಷ್ಟು ಕೊಟ್ಟಾನು ಎನ್ನುವಾಗ, 2025ರ ಮಾರ್ಚ್‌ನಲ್ಲಿ ಕಾಲುವೆ ದಂಡೆಯಲ್ಲಿ ಪ್ರವಾಸಿಗರ ಮೇಲೆ ಆ ಅಮಾನುಷ ಕೃತ್ಯ ನಡೆಯಿತು. ದೇಶವಿದೇಶದ ಸುದ್ದಿಯಲ್ಲಿ ನಮ್ಮ ಊರಿನ ಹೆಸರು ಬಂದದ್ದು ಹಾಗೆ. ಬರಬೇಕಿದ್ದವರು ಬರಲಿಲ್ಲ. ಅದರ ಮುಂದೆ ನನ್ನ ಲಕ್ಷದ ಮಾತು ತೆಗೆಯುವುದು ನನಗೇ ಹೇಸಿಗೆ ಅನಿಸಿತು. ಸುಳ್ಳು ನೆಪ ಹೇಳುವವನ ಹತ್ತಿರ ಜಗಳವಾಡಬಹುದು. ಮುಖಪುಟದಲ್ಲಿ ಅಚ್ಚಾದ ನೆಪ ಹೇಳುವವನ ಹತ್ತಿರ ಏನು ಮಾಡುವುದು?

ಆದರೂ ಒಂದು ಸಂಗತಿ ಒಳಗೆ ಕೊರೆಯುತ್ತಿತ್ತು. ಆ ಮೂರು ವರ್ಷದಲ್ಲಿ ಅವನು ಯಾರಿಗೂ ಕೊಟ್ಟಿಲ್ಲ ಎಂದೇನಿಲ್ಲ. ಕೊಟ್ಟಿದ್ದಾನೆ, ನನ್ನೊಬ್ಬನಿಗೆ ಬಿಟ್ಟು.

ಸುಗ್ಗಿಯ ದುಡ್ಡು ಒಕ್ಕಲಿಗನ ಕೈಗೆ ಬರುವ ಹಾದಿ ಹೀಗೆ. ದಲಾಲಿ ಅಂಗಡಿಯವರು ನಾಟಿಯ ಹೊತ್ತಿಗೇ ಗೊಬ್ಬರಕ್ಕೆ, ಎಣ್ಣೆಗೆ, ಆಳಿನ ಕೂಲಿಗೆ ಮುಂಗಡ ಕೊಟ್ಟಿರುತ್ತಾರೆ. ಎಪ್ಪತ್ತೈದು ಕಿಲೋದ ಚೀಲದ ಲೆಕ್ಕದಲ್ಲಿ ನೆಲ್ಲು ತೂಗಿ, ಅಸಲು, ಬಡ್ಡಿ, ಹಮಾಲಿ ಎಲ್ಲ ಮುರಿದುಕೊಂಡು ಪಟ್ಟಿ ಬರೆದುಕೊಡುತ್ತಾರೆ. ಅವರು ವಸೂಲಿಗೆ ಎಲ್ಲಿಗೂ ಹೋಗಬೇಕಿಲ್ಲ, ದುಡ್ಡೇ ಅವರ ಗಲ್ಲಾ ದಾಟಿ ಬರಬೇಕು. ಉಳಿದದ್ದಕ್ಕೆ ಸೊಸೈಟಿ ಕಾದಿರುತ್ತದೆ: ವಾಯಿದೆಯೊಳಗೆ ಕಟ್ಟಿದರೆ ಬಡ್ಡಿಯಿಲ್ಲ, ದಾಟಿದರೆ ಆ ಸವಲತ್ತು ಹೋಯಿತು. ಆಮೇಲೆ ಟ್ರ್ಯಾಕ್ಟರ್ ಕಂತು. ತಪ್ಪಿದರೆ ಗಾಡಿ ಎಳೆದೊಯ್ಯುತ್ತಾರೆ. ಆಮೇಲೆ ಅಡವಿಟ್ಟ ಬಂಗಾರ, ತಪ್ಪಿದರೆ ಹರಾಜು. ಆಮೇಲೆ ಹೆಂಗಸರ ವಾರದ ಸಂಘ. ಒಬ್ಬಳು ಕಂತು ತಪ್ಪಿಸಿದರೆ ಗುಂಪಿನ ಉಳಿದವರು ಬಂದು ಅಂಗಳದಲ್ಲಿ ಕೂಡುತ್ತಾರೆ. ಎಲ್ಲರದೂ ಮುಗಿದ ಮೇಲೆ ಏನಾದರೂ ಉಳಿದರೆ, ಕೈಗಡ. ಜಾಸ್ತಿ ಬಡ್ಡಿಯವನಿಗೆ ಮೊದಲ ಪಾಳಿ, ಬಡ್ಡಿ ಬೇಡವೆಂದವನಿಗೆ ಕೊನೆಯ ಪಾಳಿ. ಇದು ಅವನ ಕೆಟ್ಟತನವಲ್ಲ. ಯಾರು ಬಾಗಿಲಿಗೆ ಬಂದು ನಿಲ್ಲುತ್ತಾರೋ ಅವರಿಗೆ ಮೊದಲು ಕೊಡುತ್ತಾನೆ. ನಾನು ನಿಲ್ಲುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಆ ಖಾತ್ರಿಗೇ ನಾವು ಸ್ನೇಹ ಎನ್ನುತ್ತೇವೆ.

ಕೊಟ್ಟಾಂವ ಕೋಡಂಗಿ, ಇಸಗೊಂಡಾಂವ ಈರಭದ್ರ ಎನ್ನುವ ಗಾದೆಯಲ್ಲಿ ಸಿಟ್ಟು ಜಾಸ್ತಿ, ಸತ್ಯ ಅರ್ಧ. ನಾನು ಕಂಡಂತೆ ಇಬ್ಬರೂ ಕೋಡಂಗಿಗಳೇ. ಅವನು ಗಂಗಾವತಿಗೆ ಬಂದರೆ ನನ್ನ ಓಣಿ ತಪ್ಪಿಸಿ ಹೋಗುತ್ತಿದ್ದ. ನಾನು ಊರಿಗೆ ಹೋದರೆ, ಕೇಳಲಿಕ್ಕೇ ಬಂದೆನೆಂದು ತಿಳಿದಾನು ಎಂದು ಅವನ ಮನೆ ಮುಂದಿನ ದಾರಿ ಬಿಟ್ಟು ಕೆರೆಯ ಕಡೆಯಿಂದ ಸುತ್ತುತ್ತಿದ್ದೆ. ಸಾಲಗಾರನ ಸಂಕಟದ ಬಗ್ಗೆ ಸರ್ವಜ್ಞ ಬರೆದಿಟ್ಟ. ಕೊಟ್ಟವನು ತಲೆಮರೆಸಿಕೊಳ್ಳುವ ಬಗ್ಗೆಯೂ ಒಂದು ತ್ರಿಪದಿ ಬೇಕಿತ್ತು.

ಇಂಥದೇ ಒಂದು ಬಾಕಿ ವಸೂಲಿ ಇದೇ ನೆಲದಲ್ಲಿ ಹಿಂದೆಯೂ ನಡೆದಿದೆ ಎನ್ನುವುದು ನಮ್ಮ ಕಡೆಯವರ ನಂಬಿಕೆ. ಆನೆಗುಂದಿಯ ಸುತ್ತಿನ ಬೆಟ್ಟಗಳೇ ಕಿಷ್ಕಿಂಧೆ. ರಾಮ ಮೊದಲು ತನ್ನ ಪಾಲಿನ ಕೆಲಸ ಮಾಡಿಕೊಟ್ಟ: ವಾಲಿ ಸತ್ತ, ಸುಗ್ರೀವನಿಗೆ ರಾಜ್ಯ ಸಿಕ್ಕಿತು. ಸೀತೆಯನ್ನು ಹುಡುಕಿಸುವುದು ಸುಗ್ರೀವನ ಬಾಕಿ. ವಾಯಿದೆ ಏನು? ಮಳೆಗಾಲ ಮುಗಿದ ಮೇಲೆ! ರಾಮ ಹೊಳೆಯ ಆಚೆ ಮಾಲ್ಯವಂತ ಬೆಟ್ಟದಲ್ಲಿ ಮಳೆಗಾಲವಿಡೀ ಕಾದ ಎನ್ನುತ್ತಾರೆ. ಅಲ್ಲಿ ಈಗ ರಘುನಾಥನ ಗುಡಿಯಿದೆ. ಮಳೆ ನಿಂತಿತು, ಸುಗ್ರೀವ ಮರೆತ. ಹನುಮಂತ ಮೊದಲೇ ಒಮ್ಮೆ ನೆನಪು ಮಾಡಿದ. ಕೊನೆಗೆ ಲಕ್ಷ್ಮಣ ಬಿಲ್ಲು ಹಿಡಿದು ಊರಬಾಗಿಲಿಗೆ ಬಂದ. ಸುಗ್ರೀವ ತಾನು ಬರಲಿಲ್ಲ; ತಾರೆಯನ್ನು ಮುಂದೆ ಕಳಿಸಿದ. ಈ ಕಥೆಯಲ್ಲಿ ನನಗೆ ಹಿಡಿಸುವುದು ರಾಮ ತಾನೇ ಹೋಗಲಿಲ್ಲ ಎನ್ನುವುದು. ಕೇಳುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿದ್ದರಿಂದ ಗೆಳೆತನ ಉಳಿಯಿತು. ಆ ಒಪ್ಪಂದಕ್ಕೆ ಅಗ್ನಿಯೇ ಸಾಕ್ಷಿ, ಕಾಗದ ಇರಲಿಲ್ಲ.

ಗಂಗಾವತಿಯ ಪರಿಚಿತ ವಕೀಲರೊಬ್ಬರಿಗೆ ಇದನ್ನು ಹೇಳಿದಾಗ ಅವರು ಕಾಗದದ ಮಾತನ್ನೇ ಹಿಡಿದುಕೊಂಡರು. "ಯಾವಾಗ ಕೊಟ್ಟೀರಿ?" 2022ರ ಜೂನ್. "ಇದು ಮೇ. ಇನ್ನೊಂದಿಷ್ಟು ದಿನ ಸುಮ್ಮನಿದ್ದರೆ ಕೋರ್ಟಿನ ಬಾಗಿಲು ಮುಚ್ಚತೈತಿ." 1963ರ ಕಾಲಪರಿಮಿತಿ ಕಾಯ್ದೆಯಲ್ಲಿ ಕೈಸಾಲಕ್ಕೆ ಮೂರು ವರ್ಷದ ಗಡುವು, ಅದೂ ಕೊಟ್ಟ ದಿನದಿಂದ. ಸುಗ್ಗಿಗೆ ಅಂದಿದ್ದನಲ್ಲ ಎಂದೆ. "ಅಂದದ್ದಕ್ಕೆ ಸಾಕ್ಷಿ ಯಾರು? ನೆಲ್ಲೇನು?" ಬ್ಯಾಂಕಿನ ದಾಖಲೆ ದುಡ್ಡು ಹೋದದ್ದನ್ನಷ್ಟೇ ಹೇಳುತ್ತದೆ, ಸಾಲವೆಂದು ಹೋಯಿತೆಂದು ಹೇಳುವುದಿಲ್ಲ; ಹಳೆಯ ಬಾಕಿ ತೀರಿಸಿದ, ಉಡುಗೊರೆ ಕೊಟ್ಟ ಎಂದರೂ ನಡೆದೀತು. ಬರ ಬಂತೆಂದು ಕಾದದ್ದು, ಗೇಟು ಮುರಿಯಿತೆಂದು ಕಾದದ್ದು, ಊರಿಗೆ ಕಷ್ಟ ಬಂತೆಂದು ಬಾಯಿ ಮುಚ್ಚಿಕೊಂಡದ್ದು, ಎಲ್ಲವೂ ಕಾಯ್ದೆಯ ಲೆಕ್ಕದಲ್ಲಿ ನನ್ನ ವಿರುದ್ಧವೇ ಓಡಿದ ದಿನಗಳು. ಅವನ ಅಂಗಳದ ಪಾಳಿಯಲ್ಲಿ ಕೊನೆಯವನು, ಕೋರ್ಟಿನಲ್ಲಿ ತಡವಾಗಿ ಬಂದವನು: ಎರಡು ಕಡೆಯೂ ಸಂಕೋಚದವನಿಗೆ ಒಂದೇ ಜಾಗ.

ಚೆಕ್ಕು ಇಸಗೊಂಡಿರಬೇಕಿತ್ತು ಎಂದರು ಅವರು. ಚೆಕ್ಕು ಬೌನ್ಸಾದರೆ ಮೂವತ್ತು ದಿನದೊಳಗೆ ನೋಟಿಸು, ಕೊಡಲು ಹದಿನೈದು ದಿನ, ಕೊಡದಿದ್ದರೆ ತಿಂಗಳೊಳಗೆ ಕ್ರಿಮಿನಲ್ ದೂರು. ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಪಟ್ಟಿನವರೆಗೆ ದಂಡ, ಎರಡೂ ಆಗಬಹುದು. ನನಗದು ರುಚಿಸಲಿಲ್ಲ. ಅವನ ಮದುವೆಯಲ್ಲಿ ಬಡಿಸಿದ ಕೈ ಇದು. ದಾವೆ ಹೂಡಿ ಡಿಕ್ರಿ ತಂದರೂ ದುಡ್ಡು ತಾನಾಗಿ ನಡೆದು ಬರುವುದಿಲ್ಲ, ಅದಕ್ಕೆ ಬೇರೆ ಅಮಲ್ಜಾರಿ ಅರ್ಜಿ ಹಾಕಬೇಕು. ಒಕ್ಕಲಿಗನ ಬೇಸಾಯದ ಸಲಕರಣೆ, ಎತ್ತು, ವಾಸದ ಮನೆ ಜಪ್ತಿಗೆ ಬರುವುದಿಲ್ಲ. ಕೊಡಲಾಗದೆ ಸೋತವನನ್ನು ಸೋತದ್ದಕ್ಕೇ ಸೆರೆಗೆ ಹಾಕಬಾರದೆಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದಿದ್ದಾರೆ. ಇವೆಲ್ಲ ಇರಬೇಕಾದ ರಕ್ಷಣೆಗಳೇ. ಅವನ ಜಾಗದಲ್ಲಿ ನಾನಿದ್ದರೆ ನನಗೂ ಬೇಕು. 2025ರ ಫೆಬ್ರುವರಿಯಲ್ಲಿ ಮೈಕ್ರೋಫೈನಾನ್ಸಿನವರ ಕಿರುಕುಳ ತಡೆಯಲು ಸರ್ಕಾರ ಹೊರಡಿಸಿದ ಸುಗ್ರೀವಾಜ್ಞೆ ಕೂಡ ಹಾಗೆಯೇ. ಸುಗ್ರೀವನ ಊರಿಗೆ ತಕ್ಕ ಹೆಸರು ಎಂದುಕೊಂಡೆ.

ವಕೀಲರು ಕೊನೆಗೆ ತೋರಿಸಿದ ದಾರಿ ಸಣ್ಣದು. ಗಡುವು ಮುಗಿಯುವ ಮೊದಲು ಸಾಲಗಾರ "ಇಷ್ಟು ಬಾಕಿ ಕೊಡುವುದಿದೆ" ಎಂದು ಬರೆದು ಸಹಿ ಮಾಡಿದರೆ ಅಂದಿನಿಂದ ಹೊಸದಾಗಿ ಮೂರು ವರ್ಷ. ಒಂದು ಕಂತು ಕೊಟ್ಟು ಅದಕ್ಕೆ ಸಹಿ ಹಾಕಿದರೂ ಅಷ್ಟೇ. ಒಪ್ಪಿಗೆಯಿದ್ದರೆ ಲೋಕ್ ಅದಾಲತ್‌ನಲ್ಲಿ ಶುಲ್ಕವಿಲ್ಲದೆ ರಾಜಿ ಬರೆಸಬಹುದು, ಅದಕ್ಕೆ ಡಿಕ್ರಿಯ ಬೆಲೆ, ಅಪೀಲಿಲ್ಲ. ವಾಟ್ಸಾಪಿನಲ್ಲಿ "ಕೊಡ್ತೀನಿ ಮಾವ" ಎಂದಿದ್ದಾನಲ್ಲ ಎಂದು ಫೋನು ತೋರಿಸಿದೆ. "ಅದರ ಮ್ಯಾಲ ವಾದ ಮಾಡಬಹುದು. ಸಹಿ ಇದ್ದರೆ ವಾದವೇ ಬೇಕಾಗಿಲ್ಲ" ಎಂದರು.

ನನಗೆ ಲಕ್ಷ್ಮಣನಿಲ್ಲ. ಸ್ಟಾಂಪ್ ಕಾಗದ ಹಿಡಿದು ನಾನೇ ಸಾಣಾಪುರಕ್ಕೆ ಹೋದೆ. ಅವನು ಗದ್ದೆಯ ಕಡೆ ಹೋಗಿದ್ದ, ಅಥವಾ ಹಾಗೆಂದು ಹೇಳಿಸಿದ. ಹೆಂಡತಿ ಹೊರಗೆ ಬಂದು ನೀರು ಕೊಟ್ಟಳು. ಮಾತಿನ ನಡುವೆ ಬಾಕಿಯ ವಿಷಯ ಬಂತು; ಅವಳಿಗದು ಗೊತ್ತೇ ಇರಲಿಲ್ಲ. ರೂಮು ಸಂಘದ ದುಡ್ಡಿನಲ್ಲಿ ಎದ್ದವೆಂದೇ ತಿಳಿದಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋಗಿ ಫೋನು ಮಾಡಿದಳು. ಗದ್ದೆ ದೂರವಿರಲಿಲ್ಲವೋ ಏನೋ, ಬೇಗನೆ ಬಂದ.

ಕಾಗದ ನೋಡಿ ಅವನ ಮುಖ ಸಣ್ಣದಾಯಿತು. "ಮಾವ, ನನ್ನ ಮ್ಯಾಲ ಇಷ್ಟೂ ನಂಬಿಕಿ ಇಲ್ಲೇನು?"

ಈ ಪ್ರಶ್ನೆಗೆ ಗಂಗಾವತಿಯಿಂದ ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡು ಬಂದಿದ್ದೆ. ಹೇಳುವ ಪ್ರಸಂಗ ಬರಲಿಲ್ಲ. ಅವಳೇ ಹೇಳಿದಳು: "ವಾರ ವಾರ ಸಂಘದವ್ರ ಮುಂದ ಸಹಿ ಹಾಕ್ತೀವಿ. ಬಡ್ಡಿ ತಿನ್ನೋರಿಗೆ ಬರೆದುಕೊಡಾಕ ನಾಚಿಕಿ ಇಲ್ಲ, ಮಾವಾರಿಗೆ ಬರೆದುಕೊಡಾಕ ಯಾಕ ನಾಚಿಕಿ?" ಆಮೇಲೆ ಸಂಘದ ಪುಸ್ತಕದ ಪಕ್ಕದಲ್ಲಿ ನನ್ನದೂ ಒಂದು ನೋಟುಬುಕ್ಕು ಇರಲಿ ಎಂದಳು. ತಿಂಗಳ ಕಂತನ್ನೂ ಅವಳೇ ಗೊತ್ತುಮಾಡಿದಳು. ನಾನು ಮನಸ್ಸಿನಲ್ಲಿಟ್ಟುಕೊಂಡದ್ದಕ್ಕಿಂತ ಕಡಿಮೆ, ಅವನು ಒಪ್ಪುತ್ತಿದ್ದುದಕ್ಕಿಂತ ಜಾಸ್ತಿ.

ಅವನು ಸಹಿ ಮಾಡಿ, ಇದರಿಂದ ಏನಾಗುತ್ತದೆಂದು ಕೇಳಿದ. ಇವತ್ತಿನಿಂದ ಹೊಸದಾಗಿ ಮೂರು ವರ್ಷ ಶುರು ಎಂದೆ. ಮುಖ ಅರಳಿತು. "ಹಂಗಾರ ನನಗ ಇನ್ನೂ ಮೂರು ವರ್ಷ ಟೈಮ್ ಸಿಕ್ತು ಅನ್ನು!"

ಹೆಂಡತಿ ಅವನನ್ನು ನೋಡಿದ ನೋಟದಿಂದಲೇ ಇರಬೇಕು, ಮೊದಲ ಕಂತು ಹೇಳಿದ ತಿಂಗಳಿಗೇ ಬಂತು. ಆಮೇಲೆ ಒಂದೆರಡು ತಪ್ಪಿದವು, ಉಳಿದವು ಬಂದವು. ಪ್ರತಿಯೊಂದಕ್ಕೂ ನೋಟುಬುಕ್ಕಿನಲ್ಲಿ ಅವನ ಸಹಿ. ಈಗ ಅವನು ಗಂಗಾವತಿಗೆ ಬಂದರೆ ಓಣಿ ತಪ್ಪಿಸುವುದಿಲ್ಲ, ಚಹಾಕ್ಕೆ ಬರುತ್ತಾನೆ. 2025ರ ಕೊನೆಗೆ, ಡ್ಯಾಮಿನ ಮೂವತ್ತಮೂರೂ ಗೇಟು ಬದಲಿಸುವುದಿದೆ, ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾದಾಗ, ಆ ಸುದ್ದಿಯ ಫೋಟೋ ತೆಗೆದು ನನ್ನ ಫೋನಿಗೆ ಕಳಿಸಿದ. ಕೆಳಗೆ ಒಂದಕ್ಷರವೂ ಬರೆದಿರಲಿಲ್ಲ. ಅರ್ಧ ಕಂತು ಸಾಕು ಎಂದು ಉತ್ತರಿಸಿದೆ, ಅರ್ಧ ಬಂತು. ಹೆಚ್ಚಿನ ಪಾಲು ಇನ್ನೂ ಬಾಕಿಯಿದೆ. ಗೇಟುಗಳೆಲ್ಲ ಕೂತ ಮೇಲೆ ಎರಡೂ ಬೆಳೆಗೆ ನೀರು ಸಿಗುತ್ತದೆ, ಆಗ ಒಂದೇ ಸಲ ತೀರಿಸಿಬಿಡುತ್ತಾನಂತೆ. ಆ ಮಾತನ್ನು ಅವನ ಹೆಂಡತಿ ನೋಟುಬುಕ್ಕಿನಲ್ಲಿ ಬರೆಯಲಿಲ್ಲ.