ಬರೆದವರೇ ಬಣ್ಣ ಹಚ್ಚಿದಾಗ

35 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ನಮ್ಮಲ್ಲೊಂದು ಕಟ್ಟಪ್ಪಣೆ: ವೋಚರ್ ಬರೆದವನೇ ಅದನ್ನು ಪಾಸ್ ಮಾಡುವ ಹಾಗಿಲ್ಲ. ದುಡ್ಡಿನ ವಿಷಯದಲ್ಲಿ ಅದೇ ಸರಿ. ಸಿನಿಮಾದಲ್ಲಿ ಮಾತ್ರ ಬರೆದವರೇ ಬಣ್ಣ ಹಚ್ಚಿ ನಿಂತರೆ ಎಷ್ಟು ಚೆಂದ ಎಂಬುದನ್ನು ನಾನು ಕಂಡದ್ದು ‘ಸಂಸ್ಕಾರ’ದಲ್ಲಿ.

1970ರ ಕಪ್ಪು ಬಿಳುಪು ಚಿತ್ರ ಅದು. ನಾನಾಗ ಬಿ.ಕಾಂ. ಓದುತ್ತಿದ್ದೆ. ಯು.ಆರ್. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ. ಚಿತ್ರಕಥೆ ಗಿರೀಶ ಕಾರ್ನಾಡರದು. ಪ್ರಾಣೇಶಾಚಾರ್ಯರಾಗಿ ನಟಿಸಿದವರೂ ಅವರೇ. ಮಕ್ಕಳೇ, ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಪ್ಪ ಇದ್ದಾರಲ್ಲ, ಅವರೇ ಇವರು.

ಚಿತ್ರಕಥೆ ಎಂದರೆ ಬರೀ ಮಾತುಗಳಲ್ಲ. ಅದಕ್ಕೆ ಸಂಭಾಷಣೆ ಎಂಬ ಬೇರೆ ಹೆಸರೇ ಇದೆ. ಯಾವ ದೃಶ್ಯದ ಮೇಲೆ ಯಾವ ದೃಶ್ಯ, ಯಾರು ಏನು ಮಾಡುತ್ತಾರೆ, ಕ್ಯಾಮೆರಾಕ್ಕೆ ಏನು ಕಾಣಬೇಕು ಎಂಬುದೇ ಚಿತ್ರಕಥೆ. ‘ಸಂಸ್ಕಾರ’ದ ಕಷ್ಟ ಇಲ್ಲೇ ಇತ್ತು. ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಆಚಾರ ಬಿಟ್ಟವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಅದು ಮುಗಿಯುವ ತನಕ ಯಾರೂ ಉಣ್ಣುವಂತಿಲ್ಲ. ಉತ್ತರ ಹುಡುಕಬೇಕಾದವರು ಆಚಾರ್ಯರು. ಕಾದಂಬರಿಯಲ್ಲಿ ಅವರ ಸಂಕಟವೆಲ್ಲ ಮನಸ್ಸಿನೊಳಗೇ, ಪುಟಗಟ್ಟಲೆ ನಡೆಯುತ್ತದೆ. ಮನಸ್ಸಿನೊಳಗೆ ಕ್ಯಾಮೆರಾ ಇಡುವುದು ಹೇಗೆ? ನಟನೆ ಬಲ್ಲವನು ಬರೆದರೆ, ‘ಇಲ್ಲಿ ಮಾತು ಬೇಡ, ಮುಖ ಸಾಕು’ ಎಂದು ಧೈರ್ಯವಾಗಿ ಬಿಡಬಲ್ಲ. ನನಗಂತೂ ಹಾಗೆ ತೋರುತ್ತದೆ. ಆ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು. ಕನ್ನಡಕ್ಕೆ ಅದೇ ಮೊದಲು.

ಬರೆದದ್ದನ್ನೆಲ್ಲ ತಾವೇ ಆಡಬೇಕೆಂಬ ಹಟ ಕಾರ್ನಾಡರಿಗೆ ಇರಲಿಲ್ಲ. 1978ರ ‘ಒಂದಾನೊಂದು ಕಾಲದಲ್ಲಿ’ ಅವರದೇ ನಿರ್ದೇಶನ, ಬರವಣಿಗೆಯಲ್ಲೂ ಅವರ ಕೈಯಿತ್ತು. ಮುಖ್ಯ ಪಾತ್ರ ಕೊಟ್ಟದ್ದು ಶಂಕರ್‌ನಾಗ್ ಎಂಬ ಹೊಸ ಹುಡುಗನಿಗೆ. ಆ ಹುಡುಗ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಗೆದ್ದ. ‘ಮಾಲ್ಗುಡಿ ಡೇಸ್’ ನಿರ್ದೇಶಿಸಿದ್ದೂ ಅವನೇ ತಾನೆ!

ಇಷ್ಟೆಲ್ಲ ನೆನಪಾಗಲು ಕಾರಣ ನನ್ನ ಮೊಮ್ಮಗಳು. ಎಂಟನೇ ತರಗತಿ. ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಬರೆದಿದ್ದಾಳೆ, ಅವಳ ಅಜ್ಜಿಯ ಮೇಲೆ. ನನ್ನಾಕೆ ಕೊನೆಯ ಎರಡು ವರ್ಷ ಎಲ್ಲರ ಹೆಸರನ್ನೂ ಮರೆತಿದ್ದಳು. ನನ್ನನ್ನು ಯಾರೋ ಎಂದುಕೊಂಡು, “ಬ್ಯಾಂಕಿನವರು ಊಟ ಮಾಡಿದ್ರಾ?” ಎಂದು ನನ್ನನ್ನೇ ಕೇಳುತ್ತಿದ್ದಳು.

ಟೀಚರ್ ಹೇಳಿದರಂತೆ: “ಬರೆದದ್ದು ನೀನು, ಆಡುವುದು ಬೇರೆಯವರು ಆಡಲಿ. ಎಲ್ಲರಿಗೂ ಅವಕಾಶ ಸಿಗಬೇಕಲ್ಲ?” ಅದೂ ನ್ಯಾಯವೇ. ಆದರೆ ಹುಡುಗಿ ಅತ್ತುಕೊಂಡು ಬಂದಳು. “ತಾತ, ಅಜ್ಜಿ ಸೆರಗು ಹೇಗೆ ಮಡಚ್ತಿದ್ರು ಅಂತ ಬೇರೆಯವರಿಗೆ ಏನು ಗೊತ್ತು?”

ನಾನು ಕಾರ್ನಾಡರ ಕತೆ ಹೇಳಿದೆ. ಅವಳು ಕೋಣೆಗೆ ಹೋಗಿ ಕನ್ನಡಿಯ ಮುಂದೆ ನಿಂತಳು. ಅಜ್ಜಿಗೆಂದು ಒಂದು ಪುಟ ಅಳುವ ಮಾತು ಬರೆದಿದ್ದಳು. ಎರಡು ಸಲ ಆಡಿ ನೋಡಿ, ಪೆನ್ಸಿಲ್ ತೆಗೆದು ಅಷ್ಟನ್ನೂ ಹೊಡೆದುಹಾಕಿದಳು. ಈಗ ಅಜ್ಜಿ ಸೆರಗಿನ ಅಂಚನ್ನು ಮಡಚುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಚುತ್ತಾಳೆ. ಆಮೇಲೆ ಆ ಒಂದೇ ಪ್ರಶ್ನೆ. ಮರುದಿನ ಟೀಚರ್ ಎದುರು ಅದನ್ನೇ ಮಾಡಿ ತೋರಿಸಿದಳಂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನೇ ಮಾಡಮ್ಮ” ಎಂದರಂತೆ.

ತಾತನ ಪಾತ್ರ ಅವಳ ತರಗತಿಯ ಒಬ್ಬ ಹುಡುಗನಿಗೆ ಸಿಕ್ಕಿದೆ. ನಾನು ಹೇಗೆ ಕೂರುತ್ತೇನೆ, ಹೇಗೆ ಏಳುತ್ತೇನೆ ಎಂದು ನೋಡಲು ಶನಿವಾರ ಮನೆಗೆ ಬರುತ್ತಾನೆ. ನನ್ನ ಹಳೆಯ ಕನ್ನಡಕವೂ ಬೇಕಂತೆ. ಹುಡುಕುತ್ತಿದ್ದೇನೆ.